ತುಳಜಾಪುರದ ಕಾಲ್ನಡಿಗೆ: ಬರಿಹೊಟ್ಟೆಯಲ್ಲಿ ನಡೆಯಬೇಡಿ

ಸೀಗಿ ಹುಣ್ಣಿಮೆ ಹತ್ತಿರವಾದರೆ ಆಳಂದ ರಸ್ತೆಯಲ್ಲಿ ತುಳಜಾಪುರಕ್ಕೆ ಹೊರಟ ಅಂಬಾ ಭವಾನಿಯ ಭಕ್ತರದೇ ಸಾಲು. ಜೇವರ್ಗಿ ಕಡೆಯಿಂದ ಹೊರಟವರಿಗಂತೂ ದಾರಿ ಇನ್ನೂ ಉದ್ದ. ಉಪವಾಸ ಹಿಡಿದು, ಬರೀ ಚಹಾದ ಮೇಲೆ ದಿನ ದೂಡುವವರೂ ಇದ್ದಾರೆ. ಊರಿಗೆ ಮರಳಿದ ಮೇಲೆ ನೆಗಡಿ, ಗಂಟಲುನೋವು ಬಂದರೆ ‘ದಣಿವಿಗೆ ಬಂತು’ ಅನ್ನುತ್ತೇವೆ. ಆ ಮಾತಿನಲ್ಲಿ ಹುರುಳಿದೆ.

ಒಂದೂವರೆ ತಾಸು ಮೀರಿ ಮೈ ದಣಿದಾಗ ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ಕರಗುತ್ತ ಹೋಗುತ್ತದೆ. ರಕ್ತದ ಸಕ್ಕರೆ ಇಳಿಯತೊಡಗಿದರೆ ಕಾರ್ಟಿಸೋಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ. ಇವುಗಳ ಪ್ರಭಾವದಿಂದ ರೋಗಾಣುಗಳೊಂದಿಗೆ ಸೆಣಸುವ ಬಿಳಿ ರಕ್ತಕಣಗಳ ಸಂಖ್ಯೆ, ಚಟುವಟಿಕೆ ಎರಡೂ ಕೆಲವು ತಾಸು ಏರುಪೇರಾಗುತ್ತವೆ. ಅಮೆರಿಕದ ಸಂಶೋಧಕ ಡೇವಿಡ್ ನೀಮನ್ 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರನ್ನು ವಿಚಾರಿಸಿದರು. ಮುಂದಿನ ವಾರದಲ್ಲಿ ಶೇ 13ರಷ್ಟು ಮಂದಿಗೆ ಕಾಯಿಲೆ ಬಂದಿತ್ತು. ತಯಾರಾಗಿದ್ದೂ ಓಡದವರಲ್ಲಿ ಅದು ಶೇ 2ರಷ್ಟೇ. ಮುಂದೆ ಓಟದ ನಡುವೆ ಸಕ್ಕರೆ ಪಾನೀಯ ಕೊಟ್ಟು ನೋಡಿದಾಗ ಕಾರ್ಟಿಸೋಲ್ ಏರಿಕೆ ತಗ್ಗಿತು. ಅದರಿಂದ ಸೋಂಕೂ ತಗ್ಗುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ನಡಿಗೆ ಮ್ಯಾರಥಾನಿನಷ್ಟು ಕಠಿಣವೂ ಅಲ್ಲ. ಆದರೂ ದಿನವಿಡೀ ಬರಿಹೊಟ್ಟೆಯಲ್ಲಿ ನಡೆಯುವುದನ್ನು ನಾನು ಒಪ್ಪಲಾರೆ.

ಹೊರಡುವ ಎರಡು ತಾಸು ಮೊದಲು ರೊಟ್ಟಿ–ಪಲ್ಯವೋ ಸುಸ್ಲಾವೋ ಹೊಟ್ಟೆ ತುಂಬ ತಿನ್ನಿ.

ಮೊದಲ ತಾಸಿಗೆ ನೀರು ಸಾಕು. ಆಮೇಲೆ ತಾಸಿಗೆ 30 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಂತೆ ನೋಡಿಕೊಳ್ಳಿ. ಒಂದು ದೊಡ್ಡ ಬಾಳೆಹಣ್ಣು, ಇಲ್ಲವೇ ಎರಡು ಹಿಡಿ ಚುರುಮುರಿ ಜತೆ ಸಣ್ಣ ತುಂಡು ಬೆಲ್ಲ ತಿಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಒಮ್ಮೆಲೇ ತಿನ್ನದೆ ಅರ್ಧ ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ. ಶೇಂಗಾ ಹೋಳಿಗೆ ಒಳ್ಳೆಯದೇ, ಆದರೆ ಜಿಡ್ಡಿನಿಂದಾಗಿ ನಿಧಾನ ಅರಗುತ್ತದೆ. ರಾತ್ರಿ ತಂಗುವಲ್ಲಿಗೆ ಇಟ್ಟುಕೊಳ್ಳಿ.

ತಿನ್ನಲು ಮನಸ್ಸಿಲ್ಲದವರು ಒಂದು ಲೀಟರ್ ಶುದ್ಧ ನೀರಿಗೆ 60 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಒಂದು ನಿಂಬೆಯ ರಸ ಬೆರೆಸಿ ಬಾಟಲಿಯಲ್ಲಿ ಒಯ್ಯಲಿ. ತಾಸಿಗೆ ಅರ್ಧ ಲೀಟರ್ ಗುಟುಕರಿಸಿದರೆ ಲೆಕ್ಕ ಸರಿಹೋಗುತ್ತದೆ. ಉಪವಾಸದವರಿಗೂ ಇದೇ ದಾರಿ. ಸಕ್ಕರೆ ಇನ್ನಷ್ಟು ಸುರಿದರೆ ಹೊಟ್ಟೆ ತೊಳಸುತ್ತದೆ.

ದಾಸೋಹದ ಪೆಂಡಾಲಿನಲ್ಲಿ ಕೈಗೆ ತಟ್ಟೆ ಬರುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ಒಂದೇ ಲೋಟ ಹತ್ತು ಮಂದಿಯ ಬಾಯಿಗೆ ಹೋಗುವುದು ಬೇಡ. ಗುಂಪಿನ ನಡಿಗೆಯಲ್ಲಿ ಸೋಂಕು ಹೀಗೂ ಹರಡುತ್ತದೆ. ರಾತ್ರಿ ಏಳು ತಾಸಿನ ನಿದ್ದೆಗೆ ಯಾವ ಬೆಲ್ಲವೂ ಸಾಟಿಯಾಗದು.

ಸಕ್ಕರೆ ಕಾಯಿಲೆಯವರಿಗೆ ಈ ಲೆಕ್ಕ ಅನ್ವಯಿಸದು. ಹೊರಡುವ ಮೊದಲೇ ವೈದ್ಯರನ್ನು ಕೇಳಿ ಗುಳಿಗೆ, ಇನ್ಸುಲಿನ್ ಪ್ರಮಾಣ ನಿಗದಿಪಡಿಸಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ. ಕಿಸೆಯಲ್ಲಿ ಸಕ್ಕರೆ ಇರಲಿ. ಕೈ ನಡುಗಿ, ತಣ್ಣನೆ ಬೆವತು, ಕಣ್ಣು ಮಂಜಾದರೆ ಕೂಡಲೇ ಕುಳಿತು ಮೂರು ಚಹಾ ಚಮಚ ಸಕ್ಕರೆ ತಿನ್ನಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಅಷ್ಟೇ ತಿಂದು 108ಕ್ಕೆ ಕರೆ ಮಾಡಿಸಿ.