ಒಂದೇ ಸರಕು, ಹಲವು ಬೆಲೆ

ಸಂತೆಯಲ್ಲಿ ಸೀರೆ ಮಾರುವ ವರ್ತಕನು ಬೆಲೆ ಹೇಳುವ ಮುನ್ನ ಗಿರಾಕಿಯ ಬಟ್ಟೆಯನ್ನೂ ಕಾಲಿನ ಮೆಟ್ಟನ್ನೂ ಒಮ್ಮೆ ನೋಡುವುದುಂಟು. ಯಾರಿಂದ ಎಷ್ಟು ಹೊರಡಬಹುದೆಂಬ ಅಂದಾಜು ಅವನಿಗೆ ಆ ನೋಟದಲ್ಲಿಯೇ ಸಿಕ್ಕಿಬಿಡುತ್ತದೆ. ಗಿರಾಕಿಯೂ ಸುಮ್ಮನಿರುವುದಿಲ್ಲ, ಚೌಕಾಸಿ ಮಾಡುತ್ತಾನೆ, ಪಕ್ಕದವರಿಗೆ ಹೇಳಿದ ಬೆಲೆಗೆ ಕಿವಿಗೊಡುತ್ತಾನೆ, ಬೇಡವೆಂದು ನಾಲ್ಕು ಹೆಜ್ಜೆ ನಡೆದೂ ಬಿಡುತ್ತಾನೆ. ಬೆಲೆಚೀಟಿ ಅಂಟಿಸಿದ ಅಂಗಡಿಗಳು ಬಂದ ಮೇಲೆ ಈ ಆಟವು ಬಹುಮಟ್ಟಿಗೆ ನಿಂತಿತು. ಅಂತರಜಾಲದ ಕೆಲವು ಅಂಗಡಿಗಳಲ್ಲಿ ಅದು ಮತ್ತೆ ತಲೆಯೆತ್ತಿದೆ. ಆದರೆ ಈ ಸಲ ನೋಡುವವನು ವರ್ತಕನೊಬ್ಬನೇ.

ಆಂಗ್ಲ ಅರ್ಥಶಾಸ್ತ್ರಜ್ಞರಾದ ಪಿಗೂ ಅವರು 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಲೆಯ ತಾರತಮ್ಯವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಪ್ರತಿಯೊಬ್ಬನಿಂದಲೂ ಅವನು ಕೊಡಬಲ್ಲ ಗರಿಷ್ಠ ಮೊತ್ತವನ್ನೇ ಪಡೆಯುವುದು ಮೊದಲನೆಯ ದರ್ಜೆ. ಅದು ಆಗ ಕೇವಲ ಕಾಗದದ ಮೇಲಿನ ಕಲ್ಪನೆಯಾಗಿದ್ದಿತು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಪುಸ್ತಕವೊಂದರ ಪ್ರತಿಗೆ 100 ರೂಪಾಯಿ ಖರ್ಚು ತಗಲುತ್ತದೆನ್ನೋಣ. ಅದಕ್ಕೆ ಹೆಚ್ಚೆಂದರೆ 300 ರೂಪಾಯಿ ಕೊಡಲು ಒಬ್ಬನೂ, 200 ಕೊಡಲು ಇನ್ನೊಬ್ಬನೂ, 150 ಕೊಡಲು ಮತ್ತೊಬ್ಬನೂ ಸಿದ್ಧರಿದ್ದಾರೆ. ಎಲ್ಲರಿಗೂ 200 ರೂಪಾಯಿ ಎಂದರೆ ಇಬ್ಬರು ಕೊಳ್ಳುತ್ತಾರೆ, ಲಾಭ 200. 150ಕ್ಕೆ ಇಳಿಸಿದರೆ ಮೂವರೂ ಕೊಳ್ಳುತ್ತಾರೆ, ಲಾಭ ಮಾತ್ರ 150. 300ಕ್ಕೆ ಏರಿಸಿದರೂ ಲಾಭವು 200ನ್ನು ಮೀರದು. ಒಬ್ಬೊಬ್ಬನಿಗೆ ಅವನವನ ಬೆಲೆಯನ್ನೇ ಹೇಳಿದರೋ, ಲಾಭವು 350ಕ್ಕೆ ಏರುತ್ತದೆ! 200ರ ಬೆಲೆಯಲ್ಲಿ ಮೊದಲನೆಯವನಿಗೆ ಉಳಿಯುತ್ತಿದ್ದ 100 ರೂಪಾಯಿ ವರ್ತಕನ ಪಾಲಾಯಿತು. ಆದರೆ ಎಟುಕದಿದ್ದ ಪುಸ್ತಕವು ಮೂರನೆಯವನಿಗೆ ಎಟುಕಿತು. ಈ ಎರಡನ್ನೂ ವಾಚಕರು ನೆನಪಿನಲ್ಲಿಡಬೇಕು.

ಗಿರಾಕಿಯ ಮನಸ್ಸಿನಲ್ಲಿರುವ ಮೊತ್ತವನ್ನು ಗಣಕಯಂತ್ರವು ಓದಲಾರದು. ಅದು ಮಾಡುವುದು ಹೋಲಿಕೆ. ನಾವು ಅಂಗಡಿಯ ಪುಟವನ್ನು ತೆರೆದೊಡನೆ ನಮ್ಮ ಫೋನು ಯಾವುದು, ನಾವಿರುವ ಊರು ಯಾವುದು, ಹಿಂದೆ ಏನನ್ನು ನೋಡಿದೆವು, ಏನನ್ನು ಕೊಂಡೆವು ಎಂಬ ಸಂಗತಿಗಳು ಅಲ್ಲಿಗೆ ತಲುಪಬಹುದು. ಮೊದಲು ಸಾವಿರಾರು ಜನರಿಗೆ ಚೀಟಿ ಎತ್ತಿದಂತೆ ಬೇರೆ ಬೇರೆ ಬೆಲೆಗಳನ್ನು ತೋರಿಸಿ, ಯಾವ ಲಕ್ಷಣದವರು ಯಾವ ಬೆಲೆಗೆ ಕೊಂಡರು, ಯಾರು ಹಿಂದಿರುಗಿದರು ಎಂದು ದಾಖಲಿಸುತ್ತಾರೆ. ಹೊಸಬನು ಬಂದಾಗ ಅವನು ಇವರಲ್ಲಿ ಯಾರನ್ನು ಹೋಲುತ್ತಾನೆಂದು ನೋಡಿ ಯಂತ್ರವು ಬೆಲೆ ಕಟ್ಟುತ್ತದೆ. ನೌಕರಿಯ ಜಾಹೀರಾತುಗಳನ್ನು ಪ್ರಕಟಿಸುವ ಅಮೆರಿಕದ ಜಿಪ್‌ರಿಕ್ರೂಟರ್ ಸಂಸ್ಥೆಯಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಡ್ಯೂಬೆ ಮತ್ತು ಮಿಶ್ರಾ ಅವರು ಇಂತಹ ಪ್ರಯೋಗವನ್ನು ನಡೆಸಿ, 2023ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅಲ್ಲಿ ಗಿರಾಕಿಗಳು ವ್ಯಾಪಾರ ಸಂಸ್ಥೆಗಳು. ಅತ್ಯಂತ ಲಾಭಕರವಾದ ಏಕಬೆಲೆಗಿಂತಲೂ ಬೇರೆ ಬೇರೆ ಬೆಲೆಗಳಿಂದ ನಿರೀಕ್ಷಿತ ಲಾಭವು ಶೇಕಡಾ 19ರಷ್ಟು ಹೆಚ್ಚೆಂದು ಕಂಡುಬಂದಿತು. ಗಿರಾಕಿಗಳಲ್ಲಿ ಶೇಕಡಾ 60ಕ್ಕಿಂತ ಹೆಚ್ಚಿನವರಿಗೆ ಪ್ರಯೋಜನವೇ ಇತ್ತು. ಆದರೂ ಗಿರಾಕಿಗಳೆಲ್ಲರ ಪ್ರಯೋಜನವನ್ನು ಕೂಡಿಸಿದಾಗ ಮೊತ್ತವು ತಗ್ಗಿತ್ತು. ನಮ್ಮ ಪುಸ್ತಕದ ಲೆಕ್ಕದಲ್ಲಿಯೂ ಆದುದು ಇದೇ.

ಸಿರಿವಂತನಿಂದ ಹೆಚ್ಚು, ಬಡವನಿಂದ ಕಡಿಮೆ ಎಂದಾದರೆ ಇದರಲ್ಲಿ ತಪ್ಪೇನು ಎಂದು ಕೇಳಬಹುದು. ತೊಡಕಿರುವುದು ಲಕ್ಷಣವನ್ನು ಆರಿಸುವುದರಲ್ಲಿ. ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಂಗವನ್ನೇ ನೋಡೋಣ. ಅಮೆರಿಕದಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ಪಾಠ ಹೇಳುವ ಪ್ರಿನ್ಸ್‌ಟನ್ ರಿವ್ಯೂ ಎಂಬ ಸಂಸ್ಥೆಯಿದೆ. (ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಕ್ಕೂ ಅದಕ್ಕೂ ಸಂಬಂಧವಿಲ್ಲ.) ಅಂತರಜಾಲದ ಮೂಲಕ ನಡೆಯುತ್ತಿದ್ದ ಅದರ ಒಂದು ಪಾಠಕ್ರಮದ ಶುಲ್ಕವು, ವಿದ್ಯಾರ್ಥಿಯು ಬರೆದ ಅಂಚೆ ಸಂಖ್ಯೆಗನುಸಾರವಾಗಿ 6,600 ಡಾಲರಿನಿಂದ 8,400 ಡಾಲರಿನವರೆಗೆ ಬದಲಾಗುತ್ತಿದ್ದುದನ್ನು ಪ್ರೊಪಬ್ಲಿಕಾದ ಪತ್ರಕರ್ತರು 2015ರಲ್ಲಿ ಬಯಲಿಗೆ ತಂದರು. ಹೆಚ್ಚಿನ ಶುಲ್ಕವು ತೋರುವ ಸಂಭವ ಏಷ್ಯಾ ಮೂಲದವರಿಗೆ ಇತರರಿಗಿಂತ ಸುಮಾರು ಇಮ್ಮಡಿಯಾಗಿತ್ತು. ನ್ಯೂಯಾರ್ಕಿನ ಫ್ಲಷಿಂಗ್ ಬಡಾವಣೆಯ ಒಂದು ಭಾಗದಲ್ಲಿ ಏಷ್ಯಾ ಮೂಲದವರೇ ಬಹುಮಂದಿ. ಅಲ್ಲಿನ ವರಮಾನವು ಕಡಿಮೆ. ಶುಲ್ಕವು ಮಾತ್ರ ಅತ್ಯಧಿಕ. ಪ್ರಾಂತದ ಖರ್ಚನ್ನೂ ಪೈಪೋಟಿಯನ್ನೂ ಅನುಸರಿಸಿ ಶುಲ್ಕವನ್ನು ನಿಗದಿ ಮಾಡಿರುವೆವೆಂದು ಸಂಸ್ಥೆಯು ಹೇಳಿತು. ಅದು ನಿಜವೇ ಇದ್ದೀತು. ಜನಾಂಗವನ್ನು ಯಾರೂ ಕೇಳಿರಲಿಲ್ಲ. ಆದರೆ ಒಂದೇ ಮೂಲದ ಜನರು ಒತ್ತಾಗಿ ನೆಲೆಸಿದ ಕಡೆ ಅಂಚೆ ಸಂಖ್ಯೆಯೇ ಅದನ್ನು ಹೊತ್ತು ತರುತ್ತದೆ. ಅಲ್ಲದೆ ಫ್ಲಷಿಂಗಿನ ಹುಡುಗನಿಗೆ ತನ್ನ ಪರದೆಯ ಮೇಲಿನ ಬೆಲೆಯೊಂದೇ ಕಾಣುತ್ತಿತ್ತು; ಸಂತೆಯ ಗಿರಾಕಿಯಂತೆ ಪಕ್ಕದವರ ಮಾತಿಗೆ ಕಿವಿಗೊಡಲು ಅವನಿಗೆ ದಾರಿಯಿರಲಿಲ್ಲ.

ಕಾನೂನು ಈಚೆಗೆ ಕಣ್ತೆರೆಯುತ್ತಿದೆ. ಯಂತ್ರವು ವ್ಯಕ್ತಿಯನ್ನು ನೋಡಿ ಬೆಲೆ ಕಟ್ಟಿದ್ದರೆ ಹಾಗೆಂದು ಕೊಳ್ಳುವವನಿಗೆ ತಿಳಿಸಬೇಕೆಂಬ ನಿಯಮವು ಐರೋಪ್ಯ ಒಕ್ಕೂಟದಲ್ಲಿ 2022ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ನ್ಯೂಯಾರ್ಕ್ ಸಂಸ್ಥಾನವು 2025ರಲ್ಲಿ ಇಂತಹುದೇ ಕಾನೂನನ್ನು ತಂದಿತು. ಭಾರತದಲ್ಲಿ ಐಫೋನಿಗೊಂದು, ಆಂಡ್ರಾಯ್ಡ್ ಫೋನಿಗೊಂದು ದರ ತೋರಿಸುವರೆಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಜನವರಿಯಲ್ಲಿ ಓಲಾ ಮತ್ತು ಊಬರ್ ಸಂಸ್ಥೆಗಳಿಗೆ ನೋಟೀಸು ನೀಡಿತು. ಎರಡೂ ಆರೋಪವನ್ನು ಅಲ್ಲಗಳೆದವು.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಆದರೆ ಎಚ್ಚರ ಬೇಕು. ಬಾಡಿಗೆ ಕಾರಿನ ದರವು ಬೇಡಿಕೆಯೊಡನೆ ನಿಮಿಷ ನಿಮಿಷಕ್ಕೂ ಏರಿಳಿಯುವುದರಿಂದ, ಎರಡು ದರಗಳು ಬೇರೆಯಾದ ಮಾತ್ರಕ್ಕೆ ತಾರತಮ್ಯವೆನ್ನಲಾಗದು. ಇಬ್ಬರು ಗೆಳೆಯರು ಒಂದೇ ಕಡೆ ನಿಂತು, ಒಂದೇ ಕ್ಷಣದಲ್ಲಿ, ಒಂದೇ ಪ್ರಯಾಣದ ದರವನ್ನು ನೋಡಿ ಬರೆದುಕೊಳ್ಳಲಿ. ಬಳಿಕ ಒಬ್ಬನ ಖಾತೆಯನ್ನು ಇನ್ನೊಬ್ಬನ ಫೋನಿನಲ್ಲಿ ತೆರೆದು ಮತ್ತೆ ನೋಡಲಿ. ವ್ಯತ್ಯಾಸವು ಫೋನನ್ನು ಹಿಂಬಾಲಿಸುವುದೋ, ಖಾತೆಯನ್ನೋ, ಅಥವಾ ಎರಡನ್ನೂ ಬಿಟ್ಟು ಮನಬಂದಂತೆ ಅಲೆಯುವುದೋ ಎಂಬುದು ಹತ್ತಿಪ್ಪತ್ತು ಸಲ ಬರೆದಿಟ್ಟ ಪಟ್ಟಿಯಿಂದ ಮಾತ್ರ ತಿಳಿಯಬಲ್ಲುದು.