ಮನಸ್ಸಿಗೆ ಎಕ್ಸ್‌ರೇ ಇಲ್ಲ: ಮನೋವೈದ್ಯಶಾಸ್ತ್ರದ ಒಂದು ಪರಿಚಯ



ಆಟ ಆಡುವಾಗ ಬಿದ್ದು ಕೈ ಊದಿಕೊಂಡರೆ ಡಾಕ್ಟರು ಎಕ್ಸ್‌ರೇ ತೆಗೆಸುತ್ತಾರೆ. ಜ್ವರ ನಾಲ್ಕು ದಿನ ಬಿಡದಿದ್ದರೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಒಂದೊಂದು ಲೆಕ್ಕ ಉಂಟು. ಹಾಗಾದರೆ ಮನಸ್ಸಿನ ಕಾಯಿಲೆಯನ್ನು ಕಂಡುಹಿಡಿಯುವುದು ಹೇಗೆ?

ಖಿನ್ನತೆ ಇದೆ ಎಂದು ಹೇಳುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಆತಂಕವನ್ನು ತೋರಿಸುವ ಎಕ್ಸ್‌ರೇಯೂ ಇಲ್ಲ. ಥೈರಾಯ್ಡ್‌ನಂಥ ಬೇರೆ ತೊಂದರೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಕೆಲವು ಪರೀಕ್ಷೆ ಮಾಡಿಸುತ್ತಾರೆ, ಅಷ್ಟೆ. ಮನೋವೈದ್ಯರ ಮುಖ್ಯ ಉಪಕರಣ ಮಾತು. ರೋಗಿ ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ, ಮನೆಯವರು ಏನನ್ನು ಗಮನಿಸಿದ್ದಾರೆ ಎಂಬುದರಿಂದಲೇ ಕಾಯಿಲೆ ಗೊತ್ತಾಗುವುದು. ಆದ್ದರಿಂದ ಈ ಪಾಠದಲ್ಲಿ ವಿಜ್ಞಾನದ ಜೊತೆಗೆ ನಮ್ಮ ಭಾಷೆಯ ವಿಷಯವೂ ಬರುತ್ತದೆ.

ಯಾರು ಮನೋವೈದ್ಯರು?

ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಮನಸ್ಸಿನ ಕಾಯಿಲೆಗಳ ಬಗ್ಗೆಯೇ ಹೆಚ್ಚಿನ ಓದು ಓದಿದವರು ಮನೋವೈದ್ಯರು. ಇವರು ಔಷಧಿ ಬರೆದುಕೊಡಬಹುದು. ಮನಶ್ಶಾಸ್ತ್ರಜ್ಞರು ಬೇರೆ. ಅವರು ಪರೀಕ್ಷೆಗಳ ಮೂಲಕ, ಮಾತಿನ ಚಿಕಿತ್ಸೆಯ ಮೂಲಕ ಸಹಾಯ ಮಾಡುತ್ತಾರೆ. ಕೆಲವು ಶಾಲೆಗಳಲ್ಲಿ ಕೌನ್ಸಿಲರ್ ಇರುತ್ತಾರೆ. ಅವರು ನಿಮ್ಮ ಮಾತು ಕೇಳಿ, ಬೇಕಾದರೆ ಡಾಕ್ಟರ ಹತ್ತಿರ ಕಳುಹಿಸುತ್ತಾರೆ.

ಜೀವಶಾಸ್ತ್ರದಲ್ಲಿ ನರಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದೀರಲ್ಲ? ಎರಡು ನರಕೋಶಗಳು ಸೇರುವ ಸಿನಾಪ್ಸ್ ಎಂಬ ಕಿರಿದಾದ ಸಂದಿಯಲ್ಲಿ ಸೆರೊಟೋನಿನ್, ಡೋಪಮೈನ್‌ನಂಥ ರಾಸಾಯನಿಕಗಳು ಸಂದೇಶ ಸಾಗಿಸುತ್ತವೆ. ಮನಸ್ಸಿನ ಕಾಯಿಲೆಗೆ ಕೊಡುವ ಬಹಳಷ್ಟು ಮಾತ್ರೆಗಳು ಕೆಲಸ ಮಾಡುವುದು ಇಲ್ಲಿಯೇ. ಆದರೆ ಕಾಯಿಲೆಗೆ ಕಾರಣ ಇದೊಂದೇ ಅಂತ ತಿಳಿಯಬೇಡಿ. ವಂಶದಿಂದ ಬಂದ ಗುಣ, ಮಿದುಳಿನ ಕೆಲಸ, ಬಾಲ್ಯದ ನೋವು, ಮನೆಯ ಕಷ್ಟ, ನಿದ್ದೆಗೇಡು, ಕುಡಿತ ಎಲ್ಲವೂ ಸೇರಿಕೊಳ್ಳುತ್ತವೆ.

ಸರಪಳಿಯಿಂದ ಔಷಧಿಯವರೆಗೆ

ಹಿಂದೆ ಯುರೋಪಿನಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಕೂಡಿಹಾಕುತ್ತಿದ್ದರು. ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲೂ ಹಾಗೆಯೇ ಇತ್ತು. ಅಲ್ಲಿ ಜಾನ್ ಬಾಪ್ತಿಸ್ತ್ ಪ್ಯೂಸ್ಸ್ಯಾಂ ಎಂಬವನಿದ್ದ. ಅವನು ಡಾಕ್ಟರ್ ಅಲ್ಲ, ಚರ್ಮ ಹದ ಮಾಡುವ ಕೆಲಸದವನು. ರೋಗಿಯಾಗಿ ಆ ಆಸ್ಪತ್ರೆಗೆ ಬಂದವನು ಗುಣವಾದ ಮೇಲೆ ಅಲ್ಲಿಯೇ ಕೆಲಸಕ್ಕೆ ಸೇರಿ ಮೇಲ್ವಿಚಾರಕನಾದ. 1797ರಲ್ಲಿ ಅವನು ರೋಗಿಗಳ ಸರಪಳಿ ತೆಗೆಸಿದ. ಅದೇ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ ಫಿಲಿಪ್ ಪಿನೆಲ್ ಇವನ ಕೆಲಸವನ್ನು ಹತ್ತಿರದಿಂದ ನೋಡಿದ್ದ. ಮುಂದೆ ಪಿನೆಲ್ ಸಾಲ್‌ಪೆತ್ರಿಯೇರ್ ಎಂಬ ಇನ್ನೊಂದು ಆಸ್ಪತ್ರೆಯಲ್ಲೂ ಇದೇ ದಾರಿ ಹಿಡಿದ. ರೋಗಿಯ ಜೊತೆ ಮಾತಾಡಬೇಕು, ದಿನದಿನವೂ ಗಮನಿಸಿ ಬರೆದಿಡಬೇಕು ಎಂಬುದು ಪಿನೆಲ್‌ನ ಪದ್ಧತಿ. ವಿಜ್ಞಾನದ ಮೊದಲ ಹೆಜ್ಜೆ ವೀಕ್ಷಣೆ ಅಂತ ನೀವು ಓದಿದ್ದೀರಿ. ಇಲ್ಲಿಯೂ ಅದೇ ನಡೆಯಿತು.

1808ರಲ್ಲಿ ಜರ್ಮನಿಯ ಯೋಹಾನ್ ಕ್ರಿಸ್ಟಿಯಾನ್ ರೈಲ್ ಈ ಶಾಖೆಗೆ 'ಸೈಕಿಯಾಟ್ರಿ' ಎಂಬ ಹೆಸರು ಕೊಟ್ಟ. ಅದೇ ದೇಶದ ಎಮಿಲ್ ಕ್ರೇಪೆಲಿನ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ಸಸ್ಯಗಳನ್ನು ವರ್ಗೀಕರಿಸುವ ಹಾಗೆ ಕಾಯಿಲೆಗಳನ್ನು ವರ್ಗೀಕರಿಸಿದ.

ಒಳ್ಳೆಯ ಔಷಧಿ ಬರಲು 20ನೇ ಶತಮಾನದ ಮಧ್ಯದವರೆಗೆ ಕಾಯಬೇಕಾಯಿತು. ನಮ್ಮ ಸರ್ಪಗಂಧಿ ಗಿಡದ ಬೇರನ್ನು ನಾಟಿವೈದ್ಯರು ಮೊದಲಿನಿಂದಲೂ ಬಳಸುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಮನೋರೋಗದಲ್ಲೂ ರಕ್ತದೊತ್ತಡದಲ್ಲೂ ಅದರ ಪರಿಣಾಮದ ಬಗ್ಗೆ ಬರೆದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂ ಲವಣದ ಉಪಯೋಗವನ್ನು ಪ್ರಕಟಿಸಿದರು. ಆವರ್ತಕೋಷ್ಟಕದಲ್ಲಿ ಮೂರನೆಯದಾಗಿ ನೀವು ಬಾಯಿಪಾಠ ಮಾಡುವ ಲಿಥಿಯಂ ಅದೇ! 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝಿನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಅದರ ನಂತರ, ಆಸ್ಪತ್ರೆಯಲ್ಲೇ ಜೀವನ ಕಳೆಯಬೇಕಾಗಿದ್ದ ಎಷ್ಟೋ ಜನ ಮನೆಗೆ ಹೋಗುವಂತಾಯಿತು.

ಬೆಂಗಳೂರಿನ ಹಳೆಯ 'ಹುಚ್ಚಾಸ್ಪತ್ರೆ'ಗೆ 1925ರಲ್ಲಿ 'ಮಾನಸಿಕ ಆಸ್ಪತ್ರೆ' ಎಂದು ಹೆಸರು ಬದಲಾಯಿತು. 1954ರಲ್ಲಿ ಅದರ ಜೊತೆ ಒಂದು ಶಿಕ್ಷಣ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ದೊಡ್ಡ ಆಸ್ಪತ್ರೆಗೆ ಬರಲಾಗದ ಹಳ್ಳಿಯವರಿಗೆ ಊರ ಹತ್ತಿರವೇ ಚಿಕಿತ್ಸೆ ಕೊಡುವ ಪ್ರಯೋಗವನ್ನು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಆದರೂ ಸರಪಳಿ ಪೂರ್ತಿ ಹೋಗಿರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಆಶ್ರಯಗೃಹಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ಮನೋರೋಗಿಗಳು ಓಡಿ ತಪ್ಪಿಸಿಕೊಳ್ಳಲಾಗದೆ 28 ಮಂದಿ ಸತ್ತರು. ಬಿಸೆತ್ರ್‌ನಲ್ಲಿ ಸರಪಳಿ ತೆಗೆದು 200 ವರ್ಷ ಆದ ಮೇಲೆ ನಡೆದದ್ದು ಇದು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಸಾಮಾನ್ಯವಾಗಿ ಕಾಣುವ ಕಾಯಿಲೆಗಳು

ಖಿನ್ನತೆ: ಮಾರ್ಕು ಕಮ್ಮಿ ಬಂದಾಗ ಎರಡು ದಿನ ದುಃಖ ಆಗುವುದು ಸಹಜ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟದ ಆಟವೂ ಬೇಡ ಅನ್ನಿಸಿದರೆ, ನಿದ್ದೆ ಹಸಿವು ಏರುಪೇರಾದರೆ, 'ನಾನು ಯಾವುದಕ್ಕೂ ಆಗದವನು' ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ನಿಮ್ಮ ವಯಸ್ಸಿನವರಲ್ಲಿ ಇದು ಕೆಲವೊಮ್ಮೆ ಅಳುವಿನ ಬದಲು ಸಿಟ್ಟಾಗಿ ಕಾಣಿಸುತ್ತದೆ.

ಆತಂಕದ ಕಾಯಿಲೆಗಳು: ಪರೀಕ್ಷೆಯ ಹೆದರಿಕೆ ಎಲ್ಲರಿಗೂ ಇರುತ್ತದೆ. ಕಾರಣವೇ ಇಲ್ಲದೆ ತಿಂಗಳುಗಟ್ಟಲೆ ಹೆದರಿಕೆ ಕಾಡಿದರೆ ಅದು ಬೇರೆ. ಕೆಲವರಿಗೆ ಒಮ್ಮೆಲೇ ಎದೆ ಡವಡವ ಹೊಡೆದು, ಉಸಿರು ಕಟ್ಟಿದ ಹಾಗಾಗಿ, ಈಗಲೇ ಸಾಯುತ್ತೇನೆ ಅನ್ನಿಸುತ್ತದೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ. ಹತ್ತು ನಿಮಿಷದೊಳಗೆ ಇದು ಸಾಮಾನ್ಯವಾಗಿ ತಾರಕಕ್ಕೆ ಹೋಗಿ, ಮತ್ತೆ ಇಳಿಯುತ್ತದೆ.

ಗೀಳು ಕಾಯಿಲೆ: ಬೇಡವೆಂದರೂ ಒಂದೇ ಯೋಚನೆ ಬರುವುದು, ಅದನ್ನು ಶಮನ ಮಾಡಲು ಒಂದೇ ಕೆಲಸವನ್ನು ಪುನಃ ಪುನಃ ಮಾಡುವುದು. ಕೈ ತೊಳೆದು ತೊಳೆದು ಚರ್ಮ ಒಡೆದರೂ ನಿಲ್ಲಿಸಲಾಗದ ಸ್ಥಿತಿ ಇದು.

ಬೈಪೋಲಾರ್ ಕಾಯಿಲೆ: ಕೆಲವು ಕಾಲ ತೀರಾ ಉತ್ಸಾಹ, ನಿದ್ದೆಯೇ ಬೇಡ, ಮಿತಿಯಿಲ್ಲದ ಮಾತು, ಖರ್ಚು. ಇನ್ನು ಕೆಲವು ಕಾಲ ಖಿನ್ನತೆ. ಲಿಥಿಯಂ ಇವತ್ತಿಗೂ ಇದಕ್ಕೆ ಮುಖ್ಯ ಔಷಧಿ.

ಸ್ಕಿಜೋಫ್ರೇನಿಯಾ: ಯಾರೂ ಮಾತಾಡದಿದ್ದರೂ ಧ್ವನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂದು ಬಲವಾಗಿ ನಂಬುವುದು. ಆ ಧ್ವನಿ ಅವರಿಗೆ ನಿಜವಾಗಿಯೂ ಕೇಳುತ್ತದೆ, ನಟನೆ ಅಲ್ಲ. ಬೇಗ ಚಿಕಿತ್ಸೆ ಶುರುವಾದರೆ ಬಹಳ ಜನ ಓದು, ಕೆಲಸ ಮುಂದುವರಿಸುತ್ತಾರೆ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. 40 ಮಕ್ಕಳ ತರಗತಿಗೆ ಲೆಕ್ಕ ಹಾಕಿ ನೋಡಿ. ಸುಮಾರು ಮೂವರು.

'ಬೇಜಾರು' ಎಂಬ ಪದದ ತೊಂದರೆ

ಈಗ ನಮ್ಮ ಗಡಿನಾಡಿನ ವಿಷಯಕ್ಕೆ ಬರೋಣ. ಪಾಠ ಉದ್ದವಾಯಿತು, ಬೇಜಾರು. ಅಜ್ಜಿ ತೀರಿಹೋದರು, ಬೇಜಾರು. ಗೆಳತಿ ಹಾಗೆ ಹೇಳಿದಳು, ಬೇಜಾರಾಯಿತು. ಒಂದೇ ಪದದಲ್ಲಿ ಬೇಸರ, ದುಃಖ, ಮನನೋವು ಮೂರೂ ಇವೆ. ಕಾಸರಗೋಡಿನಿಂದ ತೆಂಕಕ್ಕೆ ಹೋದರೆ ಮಲಬಾರಿನ ಮಲಯಾಳದಲ್ಲೂ 'ಬೇಜಾರ್' ಉಂಟು. ಅಲ್ಲಿ ಅದರ ಅರ್ಥ ಚಿಂತೆ, ಗಾಬರಿ! 'ನನಗೆ ತುಂಬಾ ಬೇಜಾರು' ಎಂದು ನೀವು ದುಃಖವನ್ನು ಹೇಳಿದರೆ, ಮಲಯಾಳ ಮಾತಾಡುವ ಡಾಕ್ಟರಿಗೆ ಅದು ಗಾಬರಿ ಅಂತ ಕೇಳಬಹುದು. ಕನ್ನಡದಲ್ಲಿ ಭ್ರಾಂತಿ ಅಂದರೆ ತಪ್ಪು ತಿಳಿವಳಿಕೆ. ಮಲಯಾಳದಲ್ಲಿ ಭ್ರಾಂತ್ ಅಂದರೆ ಹುಚ್ಚು. ಸೊಲ್ಲಾಪುರದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದೋನಿಯಲ್ಲಿ ತೆಲುಗು ಮಾತಾಡುವ ಡಾಕ್ಟರ ಮುಂದೆ ಕೂರುವ ಕನ್ನಡ ಮಕ್ಕಳಿಗೂ ಇಂಥದೇ ಕಷ್ಟ ಬರಬಹುದು.

ಇದಕ್ಕೆ ಒಂದು ಸರಳ ಉಪಾಯ ಉಂಟು. ಬೇಜಾರು, ಮಂಡೆಬಿಸಿ, ಟೆನ್ಶನ್ ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಈ ನಾಲ್ಕನ್ನು ಹೇಳಿ:

1. ಎಷ್ಟು ದಿನದಿಂದ ಹೀಗಾಗುತ್ತಿದೆ?
2. ನಿದ್ದೆ, ಊಟ, ಓದು, ಆಟದಲ್ಲಿ ಏನು ಬದಲಾಗಿದೆ?
3. ದೇಹದಲ್ಲಿ ಏನಾಗುತ್ತದೆ? ಎದೆಬಡಿತ, ತಲೆನೋವು, ಹೊಟ್ಟೆ ಕಿವುಚುವುದು ಇತ್ಯಾದಿ.
4. ತಲೆಯಲ್ಲಿ ಪುನಃ ಪುನಃ ಬರುವ ಯೋಚನೆ ಯಾವುದು?

'ಮೂರು ವಾರದಿಂದ ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ತದೆ, ಆಮೇಲೆ ನಿದ್ದೆ ಬರುವುದಿಲ್ಲ' ಎಂಬ ವಾಕ್ಯವನ್ನು ಯಾವ ಭಾಷೆಗೆ ತಿರುಗಿಸಿದರೂ ಅರ್ಥ ಕೆಡುವುದಿಲ್ಲ. ಚಿಕಿತ್ಸೆಯ ಲಾಭ, ಅಪಾಯಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ಆದ್ದರಿಂದ 'ಕನ್ನಡ ಬಲ್ಲವರು ಯಾರಾದರೂ ಇದ್ದಾರಾ?' ಎಂದು ಆಸ್ಪತ್ರೆಯಲ್ಲಿ ಕೇಳಲು ಸಂಕೋಚ ಬೇಡ.

ಕನ್ನಡದಲ್ಲಿ ಈ ವಿಷಯ ಹೇಳಲು ಪದಗಳಿಲ್ಲ ಎಂದೂ ತಿಳಿಯಬೇಡಿ. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ. ಅದು ಮನೋವೈದ್ಯದ ಪುಸ್ತಕವೇ.

ನೀವು ಏನು ಮಾಡಬಹುದು?

ಮೊದಲನೆಯದಾಗಿ, ಪಿರ್ಕಿ, ಮೆಂಟಲ್, ಮರ್ಲ್ ಎಂದು ತಮಾಷೆಗೂ ಕರೆಯಬೇಡಿ. ಆ ಮೂವರಲ್ಲಿ ಒಬ್ಬರು ನಿಮ್ಮ ಬೆಂಚಿನಲ್ಲೇ ಇರಬಹುದು. ಆ ಪದ ಕೇಳಿದ ಮೇಲೆ ಅವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಡಾಕ್ಟರಿಗೆ ಕಾಯಿಲೆ ಕಾಣುವುದಿಲ್ಲ.

ಎರಡನೆಯದಾಗಿ, ಮನೆಯಲ್ಲಿ ಯಾರಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ 'ಗುಣವಾಯಿತಲ್ಲ, ಬಿಟ್ಟುಬಿಡಿ' ಎನ್ನಬೇಡಿ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಮೂರನೆಯದಾಗಿ, ಗೆಳೆಯನೊಬ್ಬ 'ಬದುಕುವುದೇ ಬೇಡ' ಅಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡಿ, ಆಣೆ ಹಾಕಿಸಿಕೊಂಡಿದ್ದರೂ ಸರಿ. ಅವನನ್ನು ಒಂಟಿಯಾಗಿ ಬಿಡದೆ, ಅದೇ ದಿನ ಟೀಚರಿಗೋ ಮನೆಯ ಹಿರಿಯರಿಗೋ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಚಟುವಟಿಕೆ

ನಿಮ್ಮ ಮನೆಮಾತಿನಲ್ಲಿ, ಅದು ಕನ್ನಡ, ತುಳು, ಹವ್ಯಕ, ಕೊಂಕಣಿ, ಮಲಯಾಳ ಯಾವುದೇ ಇರಲಿ, ದುಃಖ, ಹೆದರಿಕೆ, ಚಿಂತೆ, ಸಿಟ್ಟನ್ನು ಹೇಳುವ ಪದಗಳನ್ನು ಅಜ್ಜ-ಅಜ್ಜಿಯರಿಂದ ಕೇಳಿ ಪಟ್ಟಿ ಮಾಡಿ. ಪ್ರತಿ ಪದದ ಮುಂದೆ, ಹಾಗಾದಾಗ ದೇಹದಲ್ಲಿ ಏನಾಗುತ್ತದೆ ಎಂದು ಬರೆಯಿರಿ. ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸಿ. ಯಾರಿಗೋ ಒಂದು ದಿನ ಅದರಲ್ಲಿರುವ ಒಂದು ಪದ ಬೇಕಾಗಬಹುದು.