ಕಾಡಿನ ಕೆರೆಗೆ ಏರಿ ಕಟ್ಟಿ ಗೆಲ್ಲುವ 9 ಸೂತ್ರಗಳು

ಶಿರಸಿಯ ಅರಣ್ಯ ಕಾಲೇಜಿನಲ್ಲಿ ಕೊನೇ ವರ್ಷ ಓದುತ್ತಿದ್ದೀರಾ? ಯಲ್ಲಾಪುರದ ಕಡೆ ಹೊಸದಾಗಿ ಪೋಸ್ಟಿಂಗ್ ಆಗಿದೆಯಾ? ಸಿದ್ದಾಪುರದಲ್ಲಿ ಜೂನಿಯರ್ ಇಂಜಿನಿಯರಾ? ಊರಿನ ಗ್ರಾಮ ಅರಣ್ಯ ಸಮಿತಿಗೆ ಈಗಷ್ಟೇ ಸೇರಿದವರಾ? ನಿಮಗೆ ಹೆಸರು ತಂದುಕೊಡುವ ಪ್ರಾಜೆಕ್ಟ್ ಇಲ್ಲಿದೆ: ಕಾಡುಪ್ರಾಣಿಗಳಿಗೆ ಒಂದು ಕೆರೆ, ಅದರ ನೀರು ಹಿಡಿದು ನಿಲ್ಲಿಸಲು ಒಂದು ಪುಟ್ಟ ಮಣ್ಣಿನ ಏರಿ. ಈ ಸೀಮೆಗೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ. ಆದರೂ ಮಾರ್ಚ್ ಮುಗಿಯುವಷ್ಟರಲ್ಲಿ ಎಷ್ಟೋ ಹಳ್ಳಗಳು ಬತ್ತುತ್ತವೆ, ಕಾಡುಕೋಣಗಳು ಅಡಿಕೆ ತೋಟದ ಹೊಂಡ ಹುಡುಕಿಕೊಂಡು ಇಳಿಯುತ್ತವೆ. ಕೆಲಸ ಕಣ್ಣೆದುರಿಗೇ ಇದೆ. ಶುರು ಮಾಡಿ.

1. "ನನ್ನಿಂದ ಆಗುತ್ತಾ?" ಅನ್ನುವ ಚಟ ಬಿಡಿ. ಲೆಕ್ಕ ಹಾಕಿ.

ಅಂಕಿ ಗೊತ್ತಿಲ್ಲದ ಕಡೆ ಅನುಮಾನ ಹುಟ್ಟುತ್ತದೆ. ಅಂಕಿ ಕೈಗೆ ಬಂದರೆ ಅದು ಬರೀ ಕೆಲಸ. 10 ಹೆಕ್ಟೇರ್ ಗುಡ್ಡದ ನೀರು ನಿಮ್ಮ ಜಾಗಕ್ಕೆ ಹರಿದು ಬರುತ್ತದೆ ಅಂದುಕೊಳ್ಳಿ. ಒಂದೇ ದಿನ 100 ಮಿ.ಮೀ. ಮಳೆ ಹೊಡೆದರೆ (ಜುಲೈನಲ್ಲಿ ಇಲ್ಲಿ ಅದೇನು ದೊಡ್ಡ ಸುದ್ದಿಯಲ್ಲ) ಅಷ್ಟು ಜಾಗದ ಮೇಲೆ ಬಿದ್ದದ್ದು 1 ಕೋಟಿ ಲೀಟರ್. ಅರ್ಧ ನೆಲಕ್ಕೆ ಇಂಗಿದರೂ ಉಳಿದ 50 ಲಕ್ಷ ಲೀಟರ್ ನೇರ ಕೆಳಗಿಳಿಯುತ್ತದೆ. ಅರ್ಧ ಎಕರೆ ವಿಸ್ತಾರದ, ಸರಾಸರಿ 5 ಅಡಿ ಆಳದ ಕೆರೆ ಹಿಡಿಯುವುದು ಸುಮಾರು 30 ಲಕ್ಷ ಲೀಟರ್ ಮಾತ್ರ. ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಮೀಟಿಂಗಿಗೆ ಹೋಗಿ. "ನೀರು ತುಂಬುತ್ತೇನಪ್ಪಾ?" ಅಂತ ಹಿರಿಯರು ಕೇಳಿದರೆ ಉತ್ತರ ರೆಡಿ ಇರುತ್ತದೆ. ತುಂಬಿದ ಮೇಲೆ ಏನು ಅನ್ನುವುದು ನಿಜವಾದ ಪ್ರಶ್ನೆ.

2. ಮೊದಲು ಕೋಡಿ, ಆಮೇಲೆ ಏರಿ.

ಒಂಬತ್ತರಲ್ಲಿ ಒಂದನ್ನೇ ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ. ಮಣ್ಣಿನ ಏರಿ ನೀರಿನ ಒತ್ತಡವನ್ನು ತಡೆಯಬಲ್ಲದು. ತಲೆಯ ಮೇಲೆ ಹರಿಯುವ ನೀರನ್ನು ತಡೆಯಲಾರದು. ಒಮ್ಮೆ ನೀರು ಏರಿ ಹತ್ತಿ ಆಚೆ ಇಳಿಯತೊಡಗಿದರೆ ಹೊರಮೈ ಕೊರೆಯುತ್ತದೆ, ಕೊರೆದ ಜಾಗದಲ್ಲಿ ಇನ್ನಷ್ಟು ನೀರು ನುಗ್ಗುತ್ತದೆ, ಕೆಲವೇ ಗಂಟೆಗಳಲ್ಲಿ ಏರಿಯೇ ಇರುವುದಿಲ್ಲ. ಆದ್ದರಿಂದ ಹೆಚ್ಚಾದ ನೀರು ಹೊರಹೋಗುವ ದಾರಿಯನ್ನು ಮೊದಲು ಗುರುತು ಮಾಡಿ. ಹೊಸದಾಗಿ ಹಾಕಿದ ಮಣ್ಣಿನ ಮೇಲೆ ಕೋಡಿ ಬೇಡ. ಪಕ್ಕದ ಗಟ್ಟಿ ನೆಲದಲ್ಲಿ, ಸಾಧ್ಯವಾದರೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಇರಲಿ. ಅಗಲವಾಗಿರಲಿ. ಕೋಡಿ ಜೋರಾಗಿ ಹರಿಯುವಾಗಲೂ ನೀರಿನ ಮಟ್ಟಕ್ಕಿಂತ ಏರಿ ಕನಿಷ್ಠ 2-3 ಅಡಿ ಎತ್ತರ ಇರಲಿ.

2019ರ ಆಗಸ್ಟ್ ಮಳೆಯಲ್ಲಿ ಪಕ್ಕದ ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಜಲಾಶಯದ ಏರಿ ಒಡೆದು ನೀರು ಗದ್ದೆಗಳಿಗೆ ನುಗ್ಗಿದ್ದನ್ನು ಈ ಕಡೆಯವರು ಮರೆತಿಲ್ಲ. "ಸಣ್ಣದಲ್ವಾ, ಪರವಾಗಿಲ್ಲ" ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಕೂಡದು. ನಿಮ್ಮ ಏರಿಯ ಕೆಳಗೂ ಯಾರದೋ ಗದ್ದೆ, ಯಾರದೋ ಕೊಟ್ಟಿಗೆ ಇರುತ್ತದೆ. ಏರಿಯ ಎತ್ತರ 10 ಅಡಿ ದಾಟುವ ಹಾಗಿದ್ದರೆ ಅನುಭವಿ ಇಂಜಿನಿಯರ್ ಸಹಿ ಇಲ್ಲದೆ ಗುದ್ದಲಿ ಮುಟ್ಟಬೇಡಿ.

3. ಜಾಗಕ್ಕೆ "ಬೇಡ" ಅನ್ನುವ ಧೈರ್ಯ ಮಾಡಿ.

ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್ ಸೈಟ್‌ಗಳನ್ನು ರಿಜೆಕ್ಟ್ ಮಾಡುತ್ತಾನೆ. ಸಿದ್ದಾಪುರದ ಕತ್ತಲೆಕಾನಿನಂಥ ಜಾಗದಲ್ಲಿ ರಾಂಪತ್ರೆ ಜಡ್ಡಿಗಳಿವೆ. ಜೌಗಿನಲ್ಲಿ ಬೇರನ್ನು ಮೇಲಕ್ಕೆ ಚಾಚಿ ಉಸಿರಾಡುವ ಮರಗಳ ಕಾಡು ಅದು. 2000ದಲ್ಲಿ ವಿಜ್ಞಾನಿಗಳು ಹೊಸದಾಗಿ ಹೆಸರಿಸಿದ ಮರವೊಂದಕ್ಕೆ ಸೆಮೆಕಾರ್ಪಸ್ ಕತಲೆಕಾನೆನ್ಸಿಸ್ ಅಂತ ಈ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ನೀರು ತಡೆದು ನಿಲ್ಲಿಸಿದರೆ ಸಾವಿರಾರು ವರ್ಷಗಳ ಲೆಕ್ಕ ಕೆಡುತ್ತದೆ. ವರ್ಷವಿಡೀ ಹರಿಯುವ ಹಳ್ಳ, ದೇವರಕಾಡು, ಜಡ್ಡಿ: ಮೂರಕ್ಕೂ ಕೈ ಹಚ್ಚಬೇಡಿ. ಹೂಳು ತುಂಬಿದ ಹಳೇ ಕೆರೆ ಸಿಕ್ಕರೆ ಅದನ್ನೇ ಮೊದಲು ಹಿಡಿಯಿರಿ. ಹಿಂದಿನವರು ಜಾಗ ಆರಿಸಿಯೇ ಕಟ್ಟಿದ್ದಾರೆ. ನಿಮ್ಮ ಅರ್ಧ ಸರ್ವೆ ಉಳಿಯಿತು.

4. ಕಾಗದವನ್ನು ಕಾಯಬೇಡಿ, ಓದಿ.

"ಅರಣ್ಯ ಕಾಯ್ದೆ ಬಿಡಲ್ಲ" ಅನ್ನುವವರಲ್ಲಿ ಹೆಚ್ಚಿನವರು ಕಾಯ್ದೆ ಓದಿರುವುದಿಲ್ಲ. ವನ್ಯಜೀವಿ ಸಂರಕ್ಷಣೆಗೆ ಪೂರಕ ಅಂತ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ತಿದ್ದುಪಡಿಯಾಗಿ ಹೆಸರೂ ಬದಲಾಗಿದೆ) ಹೆಸರಿಸುವ ಕೆಲಸಗಳಲ್ಲಿ ಚೆಕ್ ಡ್ಯಾಂ, ನೀರುಗುಂಡಿ ಎರಡೂ ಇವೆ. ಆದರೆ ಕಾಡಿನ ನೆಲದಲ್ಲಿ ಆ ಕೆಲಸ ಇಲಾಖೆಯ ಯೋಜನೆಯೊಳಗೇ ಆಗಬೇಕು. ರಾತ್ರೋರಾತ್ರಿ ಜೆಸಿಬಿ ತಂದವರ ಹೆಸರು ಬರುವುದು ಕೇಸಿನಲ್ಲಿ, ಸಾಧಕರ ಪಟ್ಟಿಯಲ್ಲಲ್ಲ. 2011ರಲ್ಲಿ ಘೋಷಣೆಯಾದ ಬೇಡ್ತಿ ಸಂರಕ್ಷಣಾ ಮೀಸಲಿನ ಒಳಗಿನ, ಇಲ್ಲವೇ 2019ರಲ್ಲಿ ಅಭಯಾರಣ್ಯಕ್ಕೆ ಸೇರಿದ ಅಘನಾಶಿನಿ ಮೀಸಲಿನ ಒಳಗಿನ ಜಾಗವಾದರೆ ಇನ್ನೂ ಮೊದಲೇ ವಲಯ ಕಚೇರಿಗೆ ಹೋಗಿ.

5. ಮಣ್ಣಿಗೆ ಇಂಟರ್‌ವ್ಯೂ ಮಾಡಿ.

ನಮ್ಮ ಕೆಂಪು ಮುರಕಲ್ಲಿನ ನೆಲ ನೀರು ಸೋರಿಸುವುದರಲ್ಲಿ ಎಕ್ಸ್‌ಪರ್ಟ್. ಅದಕ್ಕೇ ಟೆಸ್ಟ್ ಮೊದಲು. ಸೊಂಟದ ಆಳಕ್ಕೆ ಗುಂಡಿ ತೋಡಿ ಬೆಳಿಗ್ಗೆ ನೀರು ತುಂಬಿ. ಸಂಜೆ ಇಳಿದಷ್ಟನ್ನು ಮತ್ತೆ ತುಂಬಿ. ಮಾರನೇ ಬೆಳಿಗ್ಗೆ ಬಹುಪಾಲು ನೀರು ಉಳಿದಿದ್ದರೆ ಜಾಗ ಪಾಸ್. ಏರಿಯ ಮಣ್ಣನ್ನು ಹದವಾಗಿ ಕಲಸಿ ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಚೂರಾದರೆ ಆ ಮಣ್ಣು ಬೇಡ.

ಏರಿಯ ಉದ್ದಕ್ಕೂ ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ, ಜೇಡಿಮಣ್ಣು ತುಂಬಿ, ಅಲ್ಲಿಂದಲೇ ಏರಿಯ ನಡುಭಾಗವನ್ನು ಮೇಲೆತ್ತಿ. ಹುಲ್ಲು, ಬೇರು, ದರಕು ಯಾವುದೂ ಒಳಗೆ ಉಳಿಯಬಾರದು. ಅವು ಕೊಳೆತ ಜಾಗವೇ ನಾಳೆ ನೀರಿನ ಕೊಳವೆ. ಅರ್ಧ ಅಡಿ ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿ. ಮತ್ತೆ ಅರ್ಧ ಅಡಿ. ಒಳಮೈಗೆ 1 ಅಡಿ ಎತ್ತರಕ್ಕೆ ಎರಡೂವರೆಯಿಂದ 3 ಅಡಿ ಇಳಿಜಾರು, ಹೊರಮೈಗೆ 2 ಅಡಿ. ಜೆಸಿಬಿಯವರು ಒಂದೇ ದಿನದಲ್ಲಿ ರಾಶಿ ಹಾಕಿ ಮುಗಿಸುತ್ತೇವೆ ಅಂತಾರೆ. ಒಪ್ಪಬೇಡಿ. ರಾಶಿ ಬೇರೆ, ಏರಿ ಬೇರೆ.

6. ಕುಡಿಯಲು ಬರುವವರ ಕಾಲಿಗೆ ತಕ್ಕಂತೆ ಡಿಸೈನ್ ಮಾಡಿ.

ನಿಮ್ಮ ಯೂಸರ್ ಜಿಂಕೆಮರಿ. ನೇರ ಕಡಿದ ದಂಡೆಯಲ್ಲಿ, ಸಿಮೆಂಟ್ ತೊಟ್ಟಿಯಲ್ಲಿ ಅದು ಬಿದ್ದರೆ ಹತ್ತಲಾರದು. ಏರಿಯ ಎದುರು ದಡ ಪೂರ್ತಿ ನಿಧಾನ ಇಳಿಜಾರಾಗಿರಲಿ, ಅಂಚಿನಲ್ಲಿ ಪೊದೆ ಉಳಿಯಲಿ.

ಬೇಕಾದರೆ ಒಂದು ಸ್ಟಡಿ ಟೂರ್ ಹಾಕಿ: ಶಿರಸಿ ತಾಲ್ಲೂಕಿನ ಸೋಂದಾ ಹತ್ತಿರದ ಮುಂಡಿಗೆಕೆರೆ. ಕೆಲವೇ ಎಕರೆಯ ಕೆರೆ. ನೀರಿನಲ್ಲಿ ಬೆಳೆದ ಮುಂಡಿಗೆ ಹಿಂಡಿಲುಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತ ನೀರು, ಎಲೆಗೆ ಮುಳ್ಳು. ಮೊಟ್ಟೆ ಕದಿಯುವವರಿಗೆ ದಾರಿಯೇ ಇಲ್ಲ. "ಕ್ಲೀನ್ ಮಾಡೋಣ" ಅಂತ ಯಾರಾದರೂ ಮುಂಡಿಗೆ ಸವರಿದ್ದರೆ ಹಕ್ಕಿಗಳೂ ಹೋಗುತ್ತಿದ್ದವು. ನಿಮ್ಮ ಕೆರೆಗೂ ಬ್ಯೂಟಿಫಿಕೇಶನ್ ಹೆಸರಿನಲ್ಲಿ ಲೈಟು, ಬೆಂಚು, ಬೋಟು ತರುವವರು ಬಂದೇ ಬರುತ್ತಾರೆ. ನಗುನಗುತ್ತಾ ವಾಪಸ್ ಕಳಿಸಿ. ಇನ್ನು ನೀರಾವರಿಯ ಜಲಾಶಯವೇ ಪಕ್ಷಿಧಾಮವಾದದ್ದನ್ನು ನೋಡಬೇಕಿದ್ದರೆ ಮುಂಡಗೋಡದ ಅತ್ತಿವೇರಿಗೆ ಹೋಗಿ. ಧಾಮದ ವಿಸ್ತೀರ್ಣ 2.23 ಚದರ ಕಿ.ಮೀ. ಅಷ್ಟೇ.

7. ಟಾರ್ಗೆಟ್ ಸಂಖ್ಯೆಯ ಹಿಂದೆ ಓಡಬೇಡಿ.

"ಈ ವರ್ಷ ಹತ್ತು ಕೆರೆ" ಅನ್ನುವುದು ರಿಪೋರ್ಟಿಗೆ ಚೆಂದ, ಕಾಡಿಗಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ದಶಕಗಳ ಕಾಲ ಬೋರ್‌ವೆಲ್ ಕೊರೆದು, ಅಣೆ ಕಟ್ಟಿ ಎಲ್ಲೆಡೆ ನೀರು ಕೊಟ್ಟರು. ಒಣ ಬಯಲಿಗೆ ಜೀಬ್ರಾ ಬಂತು, ಅದರ ಹಿಂದೆ ಸಿಂಹ ಬಂತು, ಅಲ್ಲೇ ಬದುಕಿದ್ದ ಅಪರೂಪದ ರೋನ್ ಹುಲ್ಲೆಯ ಸಂಖ್ಯೆ ಕುಸಿಯಿತು. 1990ರ ದಶಕದಿಂದ ಅವರೇ ಬೋರ್‌ವೆಲ್‌ಗಳನ್ನು ಮುಚ್ಚತೊಡಗಿದರು. ಇಲ್ಲೂ ಹೊಸ ನೀರಿಗೆ ಯಾರ‍್ಯಾರು ಬರುತ್ತಾರೆ ಅಂತ ಮೊದಲೇ ಯೋಚಿಸಿ. ಯಲ್ಲಾಪುರದ ಕಾಡಂಚಿನಲ್ಲಿ ಗೌಳಿಗರ ದನಗಳೂ ನೀರು ಹುಡುಕುತ್ತವೆ ಅನ್ನುವುದನ್ನು ಪ್ಲಾನ್‌ನಲ್ಲೇ ಸೇರಿಸಿ. ಅವರನ್ನು ಕರೆದು ಮಾತಾಡಿ. ಯಾವ ಪ್ರಾಣಿ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದು ಗೂಗಲ್ ಮ್ಯಾಪ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

8. ಉದ್ಘಾಟನೆಯ ಮಾರನೇ ದಿನದಿಂದ ಡ್ಯೂಟಿ ಹಾಕಿಕೊಳ್ಳಿ.

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಸುಮಾರು 20 ಜನ ಸತ್ತರು. ಅಲ್ಲಿನ ಸಚಿವರು ಏಡಿಗಳ ಮೇಲೆ ತಪ್ಪು ಹೊರಿಸಿ ದೇಶದೆಲ್ಲೆಡೆ ನಗೆಪಾಟಲಾದರು. ಏಡಿ, ಹೆಗ್ಗಣ, ಗೆದ್ದಲು ಏರಿ ಕೊರೆಯುವುದು ನಿಜ. ಆದರೆ ಬಿಲ ನೋಡಿ ಮುಚ್ಚಬೇಕಾದವರು ಮನುಷ್ಯರೇ.

ಚೆಕ್‌ಲಿಸ್ಟ್ ಚಿಕ್ಕದು. ಏರಿಯ ಮೇಲೆ ಹುಟ್ಟಿದ ಗಿಡವನ್ನು ಮರವಾಗಲು ಬಿಡಬೇಡಿ. ಹುಲ್ಲು ಇರಲಿ, ಲಾವಂಚ ಇದ್ದರೆ ಬೆಸ್ಟ್. ಕೋಡಿಗೆ ಅಡ್ಡ ಬಿದ್ದ ಕೊಂಬೆ, ದರಕು ತೆಗೆಯಿರಿ. ಏರಿಯ ಬುಡದಲ್ಲಿ ತಿಳಿನೀರು ಜಿನುಗುತ್ತಿದ್ದರೆ ಗುರುತು ಹಾಕಿ, ದಿನಾ ನೋಡಿ. ಜಿನುಗುವ ನೀರು ಕೆಂಪಾದರೆ ಒಳಗಿನ ಮಣ್ಣು ಹೊರಬರುತ್ತಿದೆ ಅಂತ ಅರ್ಥ. ಆಗ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಕೆಳಗಿನ ಮನೆಗಳಿಗೆ ಹೇಳಿ, ಕೆರೆ ಇಳಿಸಿ, ಇಂಜಿನಿಯರ್‌ಗೆ ಫೋನ್ ಮಾಡಿ.

9. ಕೆಲಸವನ್ನು ನಿಮ್ಮ ಟ್ರಾನ್ಸ್‌ಫರ್‌ಗಿಂತ ಗಟ್ಟಿ ಮಾಡಿ.

ನೀವು ಎರಡು ಮೂರು ವರ್ಷದಲ್ಲಿ ಬೇರೆ ಕಡೆ ಹೋಗುತ್ತೀರಿ. ಕೆರೆ ಹೋಗುವುದಿಲ್ಲ. ಏರಿಯ ಅಳತೆ, ಕೋಡಿಯ ಮಟ್ಟ, ಪ್ರತಿ ತಿಂಗಳ ನೀರಿನ ಎತ್ತರ, ಕೆಸರಿನಲ್ಲಿ ಕಂಡ ಹೆಜ್ಜೆಗುರುತು ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದು ಗ್ರಾಮ ಅರಣ್ಯ ಸಮಿತಿಗೆ ಕೊಡಿ. ಹತ್ತಿರದ ಶಾಲೆಯ ಮಕ್ಕಳಿಗೆ ಹಕ್ಕಿ ಲೆಕ್ಕ ಹಾಕುವುದನ್ನು ಕಲಿಸಿ. ಕ್ರೆಡಿಟ್ ಹಂಚಿ; ಹಂಚಿಕೊಂಡವರು ಮುಂದಿನ ಮಳೆಗಾಲದಲ್ಲಿ ಹಾರೆ ಹಿಡಿದು ಬರುತ್ತಾರೆ. ಏರಿಯ ಮಣ್ಣಿನ ಕೆಲಸ ಏಪ್ರಿಲ್ ಒಳಗೆ ಮುಗಿಸಿ, ಮೇ ತಿಂಗಳಲ್ಲಿ ಹುಲ್ಲು ಹಾಸಿ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಏರಿಯ ಮೇಲೆ ಇಬ್ಬರು ಇರಬೇಕು. ಕಂಬಳಿಕೊಪ್ಪೆ, ಟಾರ್ಚು, ಹಾರೆ ಈಗಲೇ ಹೊಂದಿಸಿಡಿ.